ಸರ್ವರ್ ಕಾಯುತ್ತಿದ್ದ ಮಾಷ್

ಮಾಷ್ ಕೊರಳಲ್ಲಿ ಯಾವಾಗಲೂ ಒಂದು ಕಪ್ಪು ದಾರ. ದಾರದ ತುದಿಯಲ್ಲಿ ಸವೆದು ಮಂಕಾದ ಒಂದು ಬೆಳ್ಳಿ ಶಿಲುಬೆ, ಅದಕ್ಕೆ ಅಂಟಿಕೊಂಡೇ ಒಂದು ಪೆನ್‌ಡ್ರೈವ್. ಬಗ್ಗಿ ರೋಗಿಯನ್ನು ಮಾತಾಡಿಸುವಾಗ ಅವೆರಡೂ ಅಂಗಿಯೊಳಗಿಂದ ಜಾರಿ ಮಂಚದ ಪಟ್ಟಿಗೆ ಟಕಟಕ ಬಡಿಯುತ್ತಿದ್ದವು. ಕಾಡಂಚಿನ ಹಾಡಿಯ ಅಜ್ಜಿಯೊಬ್ಬಳು ಒಂದು ಸಲ, ಅದು ಯಾವ ದೇವರ ತಾಯತ ಎಂದು ಕೇಳಿದಳು. "ಎಲ್ಲರ ಕಾಯಿಲೆಯೂ ಇದರೊಳಗೆ ಉಂಟು ಅಮ್ಮೇ" ಎಂದು ಮಾಷ್ ಹೇಳಿದ್ದೇ ತಡ, ಅಜ್ಜಿ ದಡಕ್ಕನೆ ಮಂಚದ ಆ ತುದಿಗೆ ಸರಿದು ಗೋಡೆಗೆ ಅಂಟಿಕೊಂಡಳು. ಅವಳನ್ನು ಸಮಾಧಾನ ಮಾಡಿ ಈಚೆಗೆ ಕರೆಯುವಷ್ಟರಲ್ಲಿ ನನಗೆ ಸಾಕುಸಾಕಾಯಿತು. ಮಾಷ್ ಮಾತ್ರ ಬಾಗಿಲಾಚೆ ನಿಂತು ಬಾಯಿಗೆ ಕೈ ಅಡ್ಡ ಹಿಡಿದು ನಗುತ್ತಿದ್ದರು.

ಮಾಷ್ ಎಂದರೆ ನಮ್ಮ ವಯನಾಡಿನಲ್ಲಿ ಮೇಷ್ಟ್ರು. ಗಣಿತ ಕಲಿಸಿ ನಿವೃತ್ತರಾದವರು. ಮರಕ್ಕಡವಿನಲ್ಲಿ, ಹೊಳೆಯಾಚೆಗೆ ಕರ್ನಾಟಕ ಕಾಣುವ ಹಾಗೆ ಅವರ ಮನೆ. ತಿರುವಿತಾಂಕೂರು ಕಡೆಯಿಂದ ಗುಡ್ಡ ಹತ್ತಿ ಬಂದು ನೆಲೆಸಿದ ಮನೆತನ, ಮನೆಮಾತು ಮಲಯಾಳ. ಆದರೆ ಸಣ್ಣವರಿದ್ದಾಗಿನಿಂದ ದೋಣಿಯಲ್ಲಿ ಬೈರಕುಪ್ಪೆಗೆ ಹೋಗಿ ಬಂದು ಅಭ್ಯಾಸವಾಗಿ, ಒಂದು ಥರದ ಕನ್ನಡ ಅವರ ಬಾಯಲ್ಲಿ ಸರಾಗವಾಗಿ ಆಡುತ್ತಿತ್ತು. ನನ್ನನ್ನು ಕರೆಯುವುದು ಮಾತ್ರ "ಮೋಳೇ" ಎಂದೇ. ಮಗಳೇ ಅಂತ.

ನಮ್ಮದು ಪೇಟೆಯಲ್ಲಿ ಒಂದು ಹಳೇ ಕಟ್ಟಡದ ಮಹಡಿಯ ಮೇಲಿನ ಪುಟ್ಟ ಕ್ಲಿನಿಕ್. ಗುಣವಾಗದ ಕಾಯಿಲೆ ಹಿಡಿದು ಹಾಸಿಗೆಯಲ್ಲಿರುವವರನ್ನು ಅವರವರ ಮನೆಗೇ ಹೋಗಿ ನೋಡಿಕೊಳ್ಳುವುದು ನಮ್ಮ ಕೆಲಸ. ಒಂದು ಜೀಪು, ಒಬ್ಬ ಡ್ರೈವರ್, ಎಲ್ಲರೂ ಚೇಚಿ, ಅಂದರೆ ಅಕ್ಕ ಎಂದು ಕರೆಯುವ ಒಬ್ಬರು ನರ್ಸ್, ವಾರಕ್ಕೊಮ್ಮೆ ಬರುವ ಡಾಕ್ಟರು. ಉಳಿದವರೆಲ್ಲ ಊರಿನವರೇ, ಬಿಡುವಿದ್ದಾಗ ಬಂದು ಕೈಜೋಡಿಸುವವರು. ನಾನು ಕೊಳವಳ್ಳಿಯ ಸೊಸೆ. ನನ್ನನ್ನು ಸೇರಿಸಿಕೊಂಡಿದ್ದು ನನ್ನ ಕನ್ನಡಕ್ಕಾಗಿ. ನಮ್ಮ ಕಡೆ ಶಾಲೆ, ಆಫೀಸು, ಬಸ್ಸಿನ ಬೋರ್ಡು ಎಲ್ಲ ಮಲಯಾಳ. ಎಲ್ಲರಿಗೂ ಅದು ಬರುತ್ತದೆ. ಆದರೆ ನೋವು ಜಾಸ್ತಿಯಾದಾಗ ಕನ್ನಡ ಮನೆಮಾತಿನ ವಯಸ್ಸಾದವರಿಗೆ ಮಲಯಾಳ ಮರೆತೇ ಹೋಗುತ್ತದೆ. "ಚುಚ್ಚುತ್ತೆ" ಅನ್ನುವುದು ಬೇರೆ, "ಸೆಳೆಯುತ್ತೆ" ಅನ್ನುವುದು ಬೇರೆ, "ಉರಿಯುತ್ತೆ" ಅನ್ನುವುದೇ ಬೇರೆ. ಅದನ್ನು ಚೇಚಿಗೆ ಬಿಡಿಸಿ ಹೇಳಲು ನಾನು ಬೇಕಿತ್ತು.

ಹೇಳಿದ್ದನ್ನೆಲ್ಲ ಸೈಟಿನಲ್ಲಿ ಬರೆಯುತ್ತಿದ್ದೆವು. ಮಾಷೇ ಕೂತು ಕಟ್ಟಿದ ಸೈಟ್ ಅದು. ಒಬ್ಬೊಬ್ಬ ರೋಗಿಗೂ ಒಂದು ಪುಟ. ಎಲ್ಲಿ ನೋವು, ಯಾವ ಮದ್ದು, ಹೋದ ಸಲ ಹೋದವರು ಏನು ನೋಡಿದರು, ಮನೆಯ ನಾಯಿಯನ್ನು ಕಟ್ಟಿರುತ್ತಾರೋ ಬಿಟ್ಟಿರುತ್ತಾರೋ ಎನ್ನುವ ತನಕ. ಜೀಪಿನಲ್ಲಿ ಯಾರೇ ಹೋಗಲಿ, ಮೊಬೈಲಿನಲ್ಲಿ ಆ ಪುಟ ತೆರೆದು ಓದಿಕೊಂಡೇ ಅಂಗಳಕ್ಕೆ ಕಾಲಿಡಬೇಕು. ಇದು ಮಾಷ್ ಹಾಕಿದ ಕಟ್ಟು.

ಓದಿಕೊಂಡು ಹೋಗಬೇಕಂತೆ! ಪುಟ ತೆರೆದರೆ ತಾನೇ ಓದುವುದು? ನಾನು ಸೇರಿದ ಹೊಸದರಲ್ಲಿ ಆ ಸೈಟಿನ ನಿಧಾನ ನೋಡಿ ನನ್ನ ತಲೆ ಕೆಟ್ಟು ಹೋಗುತ್ತಿತ್ತು. ಜೀಪು ರೋಗಿಯ ಮನೆ ಮುಂದೆ ನಿಂತಿದೆ. ಒಳಗಿಂದ ನರಳಾಟ ಕೇಳುತ್ತಿದೆ. ಮೊಬೈಲಿನಲ್ಲಿ ಒಂದು ಬಿಳೀ ಪರದೆ, ನಡುವೆ ಗಿರಗಿರ ತಿರುಗುವ ಒಂದು ಚಕ್ರ. ಚೇಚಿ ಕೈಕಟ್ಟಿ ಕೂತಿರುತ್ತಾರೆ. ಡ್ರೈವರ್ ಬೀಡಿ ಹಚ್ಚುತ್ತಾನೆ. ನನಗೋ ಕೋಪ ಮೂಗಿನ ತುದಿಯಲ್ಲೇ. ಮಾಷಿಗೆ ಫೋನ್ ಹಾಕಿ, "ಏನ್ ಮಾಷೇ ಇದು, ನಿಮ್ಮ ಸೈಟ್ ಬರೋದರೊಳಗೆ ಇಲ್ಲಿ ಜೀವ ಹೋಗುತ್ತೆ!" ಎಂದು ಕೂಗಾಡುತ್ತಿದ್ದೆ.

ಬೇರೆ ಯಾರಾದರೂ ಆಗಿದ್ದರೆ ನನ್ನ ನಂಬರನ್ನೇ ಬ್ಲಾಕ್ ಮಾಡುತ್ತಿದ್ದರು. ಮಾಷ್ ಹಾಗಲ್ಲ. "ಬೈಯಿ ಮೋಳೇ, ನಿಧಾನ ಆದಾಗೆಲ್ಲ ತಕ್ಷಣ ಫೋನ್ ಮಾಡಿ ಬೈಯಿ. ಆಮೇಲೆ ಅಂತ ಇಟ್ಟುಕೋಬೇಡ" ಎಂದರು. ನಾನೇನು ಕಡಿಮೆಯೇ? ತಿಂಗಳಿಡೀ ಬೈದೆ. ತಿಂಗಳು ಕಳೆದ ಮೇಲೆ ಒಂದು ಮಧ್ಯಾಹ್ನ ಕ್ಲಿನಿಕ್ಕಿನಲ್ಲಿ ತಮ್ಮ ಫೋನ್ ನನ್ನ ಮುಂದೆ ಹಿಡಿದರು. ನನ್ನ ಕರೆಗಳೆಲ್ಲ ಅಲ್ಲಿ ಸಾಲಾಗಿದ್ದವು.

"ನೋಡು, ನಿನಗೆ ಸಿಟ್ಟು ಬರೋದೆಲ್ಲ ಒಂಬತ್ತೂವರೆಯಿಂದ ಹತ್ತೂವರೆಯ ಒಳಗೆ. ಮಧ್ಯಾಹ್ನ ನೀನು ಒಳ್ಳೆಯವಳು."

"ಬೆಳಿಗ್ಗೆ ತಿಂಡಿ ತಿನ್ನದೇ ಬರ್ತೀನಲ್ಲ, ಅದಕ್ಕಿರಬೇಕು" ಎಂದೆ ಉರಿದುಕೊಂಡು.

"ತಿಂಡಿ ತಿನ್ನದೇ ಇರೋದು ನೀನಲ್ಲ, ಸರ್ವರು."

ಆಮೇಲೆ ಬಿಡಿಸಿ ಹೇಳಿದರು. ನಮ್ಮ ಸೈಟ್ ಇಟ್ಟಿರುವ ಯಂತ್ರ ಯಾವುದೋ ದೂರದ ದೇಶದಲ್ಲಿದೆ. ಅದಕ್ಕೆ ಸರ್ವರ್ ಅನ್ನುತ್ತಾರೆ. ದಿನಕ್ಕೊಂದು ಸಲ ಅದು ತನ್ನಲ್ಲಿರುವುದನ್ನೆಲ್ಲ ನಕಲು ತೆಗೆದಿಡುತ್ತದೆ, ಅದೇ ಬ್ಯಾಕಪ್ಪು. ಜನ ಮಲಗಿರುವ ಹೊತ್ತಿನಲ್ಲಿ ಆ ಕೆಲಸ ಆಗಲಿ ಎಂದು ಅಲ್ಲಿಯವರು ನಡುರಾತ್ರಿಗೆ ಹೊಂದಿಸಿದ್ದಾರೆ. ಅವರ ನಡುರಾತ್ರಿ ಎಂದರೆ ನಮಗೆ ಬೆಳಿಗ್ಗೆ ಒಂಬತ್ತೂವರೆ. ಸರಿಯಾಗಿ ನಮ್ಮ ಜೀಪು ಹೊರಡುವ ಹೊತ್ತು. ನಾವು ಒಂದು ಪುಟ ಕೊಡು ಎಂದು ಬಾಗಿಲು ಬಡಿಯುವಾಗ ಅದು ಇಡೀ ಮನೆಯ ಸಾಮಾನು ಹೊರಗೆ ಹಾಕಿಕೊಂಡು ಕೂತಿರುತ್ತಿತ್ತು.

ಮಾಷ್ ಆ ಹೊತ್ತನ್ನು ನಮ್ಮ ಊಟದ ಹೊತ್ತಿಗೆ ಸರಿಸಿದರು. ಚೇಚಿ ತೆಗೆಯುತ್ತಿದ್ದ ಹುಣ್ಣಿನ ಫೋಟೋಗಳು ಮದುವೆ ಆಲ್ಬಮ್ಮಿಗೆ ಹಾಕುವಷ್ಟು ದೊಡ್ಡವಿದ್ದವು, ಅವು ತಾವೇ ಚಿಕ್ಕದಾಗುವಂತೆ ಮಾಡಿದರು. ಸೈಟ್ ಅರ್ಧಕ್ಕರ್ಧ ಚುರುಕಾಯಿತು. ಪೂರ್ತಿ ಆಗಲಿಲ್ಲ. ನಮ್ಮದು ಅಗ್ಗದ ಹೋಸ್ಟಿಂಗು. ಒಂದೇ ಬಾವಿಗೆ ಊರಿನವರೆಲ್ಲ ಹಗ್ಗ ಇಳಿಬಿಟ್ಟ ಹಾಗೆ ಅದೇ ಸರ್ವರಿನ ಮೇಲೆ ಇನ್ನೆಷ್ಟೋ ಸೈಟುಗಳು. ಒಳ್ಳೆಯ ಕಡೆಗೆ ಬದಲಾಯಿಸೋಣ ಎಂದರೆ ಕ್ಲಿನಿಕ್ ನಡೆಸುವ ಕಮಿಟಿಯವರು ಬರುವ ವರ್ಷ ನೋಡೋಣ ಎಂದರು. "ಸಾರಮಿಲ್ಲ" ಎಂದರು ಮಾಷ್. ಪರವಾಗಿಲ್ಲ ಬಿಡು ಅನ್ನುವುದಕ್ಕೆ ಮಲಯಾಳದ ಮಾತು. ದಿನಕ್ಕೆ ಹತ್ತು ಸಲ ಹೇಳುತ್ತಿದ್ದರು. ಆದರೆ ಒಂದು ವಿಷಯದಲ್ಲಿ ಮಾತ್ರ ಯಾವತ್ತೂ ಹೇಳಿದವರಲ್ಲ.

ಬ್ಯಾಕಪ್ಪಿನ ವಿಷಯದಲ್ಲಿ.

ಶನಿವಾರ ಮಧ್ಯಾಹ್ನ ಜೀಪು ಓಡುತ್ತಿರಲಿಲ್ಲ. ಆವತ್ತು ಮಾಷ್ ಆ ವಾರದ ನಕಲನ್ನು ಡಿಸ್ಕಿಗೆ ಇಳಿಸಿ, ಮೀನಂಗಡಿ ಎಂಬ ಊರಿನಿಂದ ತಂದ ಒಂದು ಹಳೇ ಕಂಪ್ಯೂಟರಿನಲ್ಲಿ ಅದನ್ನು ಮತ್ತೆ ಜೋಡಿಸಿ, ಇಡೀ ಸೈಟನ್ನು ಮೊದಲಿನಿಂದ ಎಬ್ಬಿಸಿ ನಿಲ್ಲಿಸುತ್ತಿದ್ದರು. ಎಬ್ಬಿಸಿದ ಮೇಲೆ ಯಾರಾದರೂ ಒಬ್ಬ ರೋಗಿಯ ಪುಟ ತೆರೆದು, ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಗಟ್ಟಿಯಾಗಿ ಓದಬೇಕು. ಓದುವವಳು ನಾನು. ಅವರು ಕಣ್ಣು ಮುಚ್ಚಿ ಕೇಳುವವರು. ಓದಿ ಮುಗಿದ ಮೇಲೇ ಚಾಯ.

"ಬ್ಯಾಕಪ್ ಆಗಿದೆ ಅಂತ ಹಸಿರು ಟಿಕ್ ತೋರಿಸ್ತಲ್ಲ ಮಾಷೇ, ಮತ್ತೆ ಈ ಪಾರಾಯಣ ಯಾಕೆ?" ಎಂದು ಒಮ್ಮೆ ಕೇಳಿಯೇಬಿಟ್ಟೆ.

"ಟಿಕ್ ನಾನೂ ಹಾಕ್ತಿದ್ದೆ ಮೋಳೇ, ಸರ್ವೀಸಿನ ಉದ್ದಕ್ಕೂ. ಎಷ್ಟು ಮಕ್ಕಳ ಲೆಕ್ಕ ಓದದೇ ಟಿಕ್ ಹಾಕಿದ್ದೇನೆ ಅಂತ ನನಗೆ ಗೊತ್ತುಂಟು. ಓದು, ಓದು."

ಅವರಿಗೆ ಈ ಹಟ ಯಾಕೆ ಎಂದು ನನಗೆ ಗೊತ್ತಾಗಿದ್ದು ಅಂಥದೇ ಒಂದು ಶನಿವಾರ. ಓದು ಮುಗಿದಿತ್ತು. ಬೇಯಿಸಿದ ಮರಗೆಣಸು, ಹಸಿಮೆಣಸಿನ ಚಟ್ನಿ ಮುಂದಿಟ್ಟುಕೊಂಡು ಕೂತಿದ್ದೆವು. ಮಾಷ್ ಅವರಾಗಿಯೇ ಹೆಂಡತಿಯ ಮಾತು ತೆಗೆದರು. ಆಕೆಗೆ ಕ್ಯಾನ್ಸರ್ ಆಗಿತ್ತು. ಗುಡ್ಡದ ಮೇಲೆ, ಗುಡ್ಡದ ಕೆಳಗೆ, ಎಷ್ಟೋ ಆಸ್ಪತ್ರೆ ತಿರುಗಿದರಂತೆ. ಒಂದು ಕಡೆಯ ಫೈಲು ಇನ್ನೊಂದು ಕಡೆ ಸಿಗುತ್ತಿರಲಿಲ್ಲ. ಹೊಸ ಡಾಕ್ಟರು ಬಂದಾಗೆಲ್ಲ, ಹೊಸ ನರ್ಸು ಬಂದಾಗೆಲ್ಲ, "ಮೊದಲಿನಿಂದ ಹೇಳಿ" ಎನ್ನುತ್ತಿದ್ದರಂತೆ.

"ಮೊದಲೆಲ್ಲ ಹೇಳ್ತಿದ್ದಳು. ಆಮೇಲಾಮೇಲೆ ನನ್ನ ಮುಖ ನೋಡ್ತಿದ್ದಳು, ನೀವೇ ಹೇಳಿ ಅಂತ. ಕೊನೆಗೆ ಸುಳ್ಳು ಹೇಳೋಕೆ ಶುರು ಮಾಡಿದಳು. ನೋವೇ ಇಲ್ಲ ಅಂತ. ಹೇಳೀ ಹೇಳೀ ಸಾಕಾಗಿತ್ತು ಅವಳಿಗೆ. ಇಲ್ಲ ಅಂದರೆ ಇಲ್ಲ ಅಂತ ಬರೆದುಕೊಂಡು ಹೋಗ್ತಿದ್ದರು."

ಗೆಣಸಿನ ತಟ್ಟೆಯನ್ನು ನನ್ನ ಕಡೆ ಸರಿಸಿ ಮುಂದುವರಿಸಿದರು. "ನಮ್ಮ ಒಬ್ಬ ರೋಗಿಗೂ ಹಾಗೆ ಆಗಬಾರದು. ಒಂದು ಸಲ ಹೇಳಿದ್ದು ಸಾಕು. ಮತ್ತೆ ಮೊದಲಿನಿಂದ ಹೇಳಿಸಬಾರದು. ಅಷ್ಟಕ್ಕೇ ಈ ಸೈಟ್. ಅದಕ್ಕೇ ನಿನ್ನ ಪಾರಾಯಣ."

ಅವತ್ತಿನಿಂದ ನಾನು ಪಾರಾಯಣಕ್ಕೆ ಗೊಣಗಲಿಲ್ಲ. ಗೊಣಗಿದರೂ ಬಾಯಿಬಿಟ್ಟು ಗೊಣಗಲಿಲ್ಲ.

ಡಿಸ್ಕುಗಳನ್ನು ಎಲ್ಲಿಡಬೇಕು ಎನ್ನುವುದಕ್ಕೂ ಅವರದೇ ಕಟ್ಟುಪಾಡು. ಕ್ಲಿನಿಕ್ಕಿನಲ್ಲಿ ಒಂದು. ಕ್ಲಿನಿಕ್ಕಿಗೆ ಬೆಂಕಿ ಬಿದ್ದರೆ? ಅದಕ್ಕೇ ಇನ್ನೊಂದು ದೂರದಲ್ಲಿರಬೇಕು, ನಂಬಿಕಸ್ತರ ಮನೆಯಲ್ಲಿ. ಪಾಸ್‌ವರ್ಡ್ ಇಲ್ಲದೆ ಯಾರೂ ತೆರೆಯುವ ಹಾಗಿರಲಿಲ್ಲ, ಆ ಭಯವಿಲ್ಲ. ಆದರೆ ಯಾವಾಗಲೂ ಜನ ಇರುವ ಮನೆ ಆಗಬೇಕು. ಹುಡುಕಿ ಹುಡುಕಿ ನಮ್ಮ ಮನೆಯನ್ನೇ ಆರಿಸಿದರು. ನನ್ನನ್ನು ನೋಡಿ ಅಲ್ಲ, ನಮ್ಮ ಅತ್ತೆಯನ್ನು ನೋಡಿ. ಅತ್ತೆ ಮನೆ ಬಿಟ್ಟು ಎಲ್ಲಿಗೂ ಹೋಗುವವರಲ್ಲ. ಒಂದು ಸೌಟು ಕೂಡ ಆಕೆಯ ಕಣ್ಣು ತಪ್ಪಿಸಿ ಜಾಗ ಬದಲಿಸುವ ಹಾಗಿಲ್ಲ.

ಮಾಷ್ ತಾವೇ ಕೊಳವಳ್ಳಿಗೆ ಬಂದು ಡಿಸ್ಕನ್ನು ಅತ್ತೆಯ ಕೈಗೆ ಕೊಟ್ಟರು. "ಅಮ್ಮೇ, ಇದು ಭಾರೀ ಬೆಲೆಯುಳ್ಳದ್ದು. ನೀರು ತಾಗಬಾರದು, ಇರುವೆ ಹತ್ತಬಾರದು. ನೀವು ಬಿತ್ತನೆಗೆ ಬೀಜ ಇಡ್ತೀರಲ್ಲ, ಹಾಗೆ ಜೋಪಾನ ಮಾಡಬೇಕು."

"ನೀವು ಚಿಂತೆ ಬಿಡಿ ಮಾಷೇ" ಎಂದರು ಅತ್ತೆ.

ಮುಂದಿನ ತಿಂಗಳು ಡಿಸ್ಕ್ ಬದಲಾಯಿಸಲು ಮಾಷ್ ಬಂದರು. ಅತ್ತೆ ಏಣಿ ತರಿಸಿದರು. ಏಣಿ ಯಾಕಪ್ಪಾ ಎಂದು ನಾನು ನೋಡುತ್ತಲೇ ಇದ್ದೆ. ಅಡುಗೆಮನೆಗೆ ಹೋಗಿ, ಒಲೆಯ ಮೇಲಿನ ಅಟ್ಟಕ್ಕೆ ಏಣಿ ಹಾಕಿಸಿ, ಬೀಜದ ಭತ್ತ, ಸೌತೆ ಬೀಜ, ಅವರೆ ಬೀಜದ ಗಂಟುಗಳ ನಡುವಿನಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಗಂಟು ಇಳಿಸಿಕೊಂಡರು. ನಮ್ಮ ಕಡೆ ಬೀಜ ಇಡುವುದು ಅಲ್ಲೇ. ದಿನಾ ಒಲೆಯ ಬಿಸಿ, ಹೊಗೆ ತಾಗಿದರೆ ಹುಳ ಹತ್ತಿರ ಸುಳಿಯುವುದಿಲ್ಲ. ಬಟ್ಟೆ ಬಿಚ್ಚಿದರೆ ಡಿಸ್ಕು ಮಸಿ ಹಿಡಿದು ಕಪ್ಪಗೆ ಮಿರಮಿರ ಮಿಂಚುತ್ತಿತ್ತು, ಮುಟ್ಟಿದರೆ ಬೆಚ್ಚಗೆ. ತಂತಿ ಸಿಕ್ಕಿಸುವ ತೂತಿನೊಳಗೆಲ್ಲ ಹೊಗೆಯ ಜಿಗುಟು.

"ಒಂದೇ ಒಂದು ಇರುವೆ ಹತ್ತಿಲ್ಲ, ನೋಡಿ" ಎಂದರು ಅತ್ತೆ, ಹೆಮ್ಮೆಯಿಂದ.

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ಅಯ್ಯೋ ಅತ್ತೆ, ಏನ್ ಮಾಡಿಬಿಟ್ರಿ!" ಎಂದು ಬಾಯಿ ತೆಗೆದಿದ್ದೆ, ಮಾಷ್ ಕೈ ಎತ್ತಿ ತಡೆದರು. ಡಿಸ್ಕನ್ನು ಲ್ಯಾಪ್‌ಟಾಪಿಗೆ ಸಿಕ್ಕಿಸಿದರು. ಅದು ಎರಡು ಸಲ ಕಟಕಟ ಅಂದು ತೆಪ್ಪಗಾಯಿತು. ಸತ್ತಿತ್ತು. ಮಾಷ್ ಅದನ್ನು ಬಟ್ಟೆಯಲ್ಲಿ ಮತ್ತೆ ಸುತ್ತಿಟ್ಟು, ಅತ್ತೆಯ ಕಡೆ ತಿರುಗಿ ಹೇಳಿದರು. "ಅಮ್ಮೇ, ನಾನು ಹೇಳಿದ ಹಾಗೇ ಮಾಡಿದ್ದೀರಿ. ಬೀಜದ ಹಾಗೆ ಅಂತ ಹೇಳಿದವನು ನಾನೇ. ಈ ಬೀಜಕ್ಕೆ ಬಿಸಿ ಆಗೋದಿಲ್ಲ, ಹೊಗೆ ಆಗೋದಿಲ್ಲ. ಅದನ್ನು ಹೇಳಲಿಲ್ಲ ನಾನು."

ಅತ್ತೆಯ ಮುಖ ಬಾಡಿತು. ಒಂದು ಕ್ಷಣ ಅಷ್ಟೇ. ಆಮೇಲೆ ಬಿಸಿ ಎಂದರೆ ಎಷ್ಟು ಬಿಸಿ, ತಣ್ಣಗೆ ಎಂದರೆ ಎಷ್ಟು, ಅಕ್ಕಿ ಡಬ್ಬಿ ಆಗುತ್ತದೋ, ದೇವರ ಗೂಡು ಆಗುತ್ತದೋ ಎಂದು ಒಂದೊಂದೇ ಕೇಳತೊಡಗಿದರು. ಅಕ್ಕಿಯ ದೂಳು ಬೇಡ, ದೇವರ ದೀಪ ಬೇಡ ಎಂದೆಲ್ಲ ಆಗಿ ಕೊನೆಗೆ ಕಬ್ಬಿಣದ ಬೀರುವಿನಲ್ಲಿ ಆಕೆಯ ಮದುವೆಯ ರೇಷ್ಮೆ ಸೀರೆಯ ಮಡಿಕೆಯೊಳಗೆ ಹೊಸ ಡಿಸ್ಕಿಗೆ ಜಾಗ ಸಿಕ್ಕಿತು. ಬೀರುವಿನ ಬೀಗದ ಕೈ ಆಕೆಯ ಸೊಂಟದಲ್ಲಿ. ನನಗೇ ಅದನ್ನು ಕೊಡದ ಮಹಾತಾಯಿ, ಮಾಷ್ ಬಂದರೆ ತಾನಾಗಿ ಎದ್ದು ಹೋಗಿ ತೆಗೆಯುತ್ತಿದ್ದರು.

ಆಮೇಲೆ ಮಾಷಿಗೇ ಕಾಯಿಲೆ ಬಂತು. ಹೆಂಡತಿಗೆ ಬಂದಿದ್ದೇ, ಜಾಗ ಬೇರೆ. ಗುಡ್ಡ ಇಳಿದು ಕೋಳಿಕ್ಕೋಡಿಗೆ ಹೋಗಿ ತೋರಿಸಿಕೊಂಡು ಬಂದ ಮಾರನೇ ದಿನ ಕ್ಲಿನಿಕ್ಕಿಗೆ ಬಂದು ನನ್ನ ಎದುರಿನ ಕುರ್ಚಿಯಲ್ಲಿ ಕೂತರು. "ಹೊಸ ರೋಗಿ ಅಂತ ಒತ್ತು" ಎಂದರು. ಒತ್ತಿದೆ. ತಮ್ಮ ಹೆಸರನ್ನು, ನನಗೆ ಗೊತ್ತೇ ಇಲ್ಲವೇನೋ ಎಂಬಂತೆ, ಬಿಡಿಸಿ ಬಿಡಿಸಿ ಹೇಳಿದರು. ವಯಸ್ಸು ಹೇಳಿದರು. ನಾಯಿಯನ್ನು ಕಟ್ಟಿರುತ್ತೇವೆ ಎಂದರು. ನನಗೆ ಕಣ್ಣು ಮಂಜಾಗಿ ಅಕ್ಷರ ಕಾಣುತ್ತಿರಲಿಲ್ಲ. "ಸೈಟ್ ನಿಧಾನ ಆಯ್ತಾ ಮೋಳೇ?" ಎಂದು ಕೇಳಿದರು. ನನಗೆ ಅಳುವೂ ಬಂತು, ಸಿಟ್ಟೂ ಬಂತು.

ಅಲ್ಲಿಂದ ಶನಿವಾರಗಳು ಬದಲಾದವು. ನಕಲು ಇಳಿಸುವುದು, ಜೋಡಿಸುವುದು, ಎಬ್ಬಿಸುವುದು ಎಲ್ಲ ನಾನು, ವಾರವಾರ ಒಂದು ಡಿಸ್ಕನ್ನು ಮನೆಗೆ ಒಯ್ದು ಅತ್ತೆಯ ಬೀರುವಿಗೆ ಸೇರಿಸುವುದೂ ನಾನೇ. ಅವರು ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ನಾನು ತಪ್ಪಿದರೂ ತುಟಿ ಬಿಚ್ಚುತ್ತಿರಲಿಲ್ಲ. "ಬಾಯಿಬಿಟ್ಟಾದರೂ ಹೇಳಿ ಮಾಷೇ, ಎಲ್ಲಿ ತಪ್ಪಿದೆ ಅಂತ!" ಎಂದು ಕೀಬೋರ್ಡನ್ನು ದೂಡಿ ಎದ್ದು ಹೋದರೆ, ನಾನು ಸುತ್ತಾಡಿ ತಣ್ಣಗಾಗಿ ಬರುವ ತನಕ ಹಾಗೇ ಕೂತಿರುತ್ತಿದ್ದರು. ಕಂಪ್ಯೂಟರ್ ಕಲಿತ ಹುಡುಗರು ಪೇಟೆಯಲ್ಲಿ ಬೇಕಾದಷ್ಟು ಜನ ಇದ್ದಾರೆ, ನನ್ನನ್ನೇ ಯಾಕೆ ಹಿಂಡುತ್ತೀರಿ ಎಂದು ಕೇಳಿದ್ದಕ್ಕೆ ಅವರು ಹೇಳಿದ ಮಾತು ಇವತ್ತಿಗೂ ಕಿವಿಯಲ್ಲಿದೆ. "ಎಲ್ಲರೂ ಚಕ್ರ ತಿರುಗೋದನ್ನು ನೋಡ್ತಾ ಕಾಯ್ತಾರೆ. ಒಳಗೆ ಒಬ್ಬ ನರಳ್ತಾ ಇದ್ದಾನೆ ಅಂತ ಬೈದವಳು ನೀನೊಬ್ಬಳೇ."

ಮಳೆಗಾಲಕ್ಕೆ ಮುಂಚೆ ನಮ್ಮಲ್ಲಿ ಸಿಡಿಲು ಜಾಸ್ತಿ. ಆ ವರ್ಷ ಒಂದು ಸಂಜೆ ಹೊಡೆದ ಸಿಡಿಲಿಗೆ ಕ್ಲಿನಿಕ್ಕಿನ ಕಂಪ್ಯೂಟರು, ಅದಕ್ಕೆ ಸಿಕ್ಕಿಸಿದ್ದ ಡಿಸ್ಕು ಎರಡೂ ಸುಟ್ಟವು. ಹೊಸತು ತರುವ ಮಾತು ನಡೆದಿತ್ತು. ಮಾಷ್ ಕೋಳಿಕ್ಕೋಡಿನ ಆಸ್ಪತ್ರೆಯಲ್ಲಿದ್ದರು. ಅದೇ ವಾರ ಒಂದು ಬೆಳಿಗ್ಗೆ ಜೀಪಿನಲ್ಲಿ ಕೂತು ಸೈಟ್ ತೆರೆದೆ. ಚಕ್ರವೇ ತಿರುಗಲಿಲ್ಲ. ಬಿಳೀ ಪರದೆ, ಒಂದು ಸಾಲು ಇಂಗ್ಲಿಷು. ಇಲ್ಲಿ ಏನೂ ಇಲ್ಲ ಅಂತ.

ಹೋಸ್ಟಿಂಗಿನವರಿಗೆ ಫೋನ್ ಹಾಕಿದೆ. ಯಂತ್ರ ಕೆಟ್ಟಿದೆ, ಇದ್ದದ್ದು ಹೋಗಿದೆ ಎಂದರು. ಮತ್ತೆ ದಿನಾ ತೆಗೆಯುತ್ತಿದ್ದ ಬ್ಯಾಕಪ್ಪು? ಅದೂ ಅದೇ ಯಂತ್ರದಲ್ಲಿ ಇತ್ತಂತೆ. ಹೆಗ್ಗಣ ಕೊರೆದ ಭತ್ತದ ಪತ್ತಾಯದಲ್ಲೇ ಬೀಜವನ್ನೂ ಇಟ್ಟಿದ್ದರು ಪುಣ್ಯಾತ್ಮರು! ಮಾಷಿಗೆ ಫೋನ್ ಮಾಡಿದರೆ ಅವರ ಮಗಳು ಎತ್ತಿ, ಅಪ್ಪನಿಗೆ ಮದ್ದು ಹತ್ತಿಸಿದ್ದಾರೆ, ನಿದ್ದೆಯಲ್ಲಿದ್ದಾರೆ ಎಂದಳು. ಇನ್ನೊಂದು ನಕಲಿದ್ದ ಪೆನ್‌ಡ್ರೈವ್ ಅವರ ಕೊರಳಲ್ಲಿ, ಅವರು ಗುಡ್ಡದ ಕೆಳಗೆ.

"ಚೇಚಿ, ಇವತ್ತಿನ ಮನೆಗಳಿಗೆ ನೀವು ಹೋಗಿ. ನಿಮಗೆ ನೆನಪಿರೋರ ಮನೆಗೆ ಮಾತ್ರ ಹೋಗಿ" ಎಂದವಳೇ ಕೊಳವಳ್ಳಿಯ ಬಸ್ಸು ಹತ್ತಿದೆ. ದಾರಿಯಲ್ಲೇ ಕಮಿಟಿಯ ಅಧ್ಯಕ್ಷರಿಗೆ ಫೋನ್ ಹಾಕಿ, ಬರುವ ವರ್ಷ ಇವತ್ತೇ ಬಂದಿದೆ, ಒಳ್ಳೆಯ ಹೋಸ್ಟಿಂಗ್ ಈಗಲೇ ಬೇಕು ಎಂದೆ. ಬಸ್ಸಿನವರೆಲ್ಲ ತಿರುಗಿ ನೋಡಿದರು. ಅಧ್ಯಕ್ಷರು ಹೂಂ ಎಂದರು.

ಅತ್ತೆ ಬೀರು ತೆಗೆದು ಡಿಸ್ಕನ್ನು ಎರಡೂ ಕೈಯಲ್ಲಿ ಹಿಡಿದು ತಂದರು. ನುಸಿಗುಳಿಗೆಯ ವಾಸನೆ ಹೊಡೆಯುತ್ತಿತ್ತು. ಮನೆಯ ಲ್ಯಾಪ್‌ಟಾಪಿಗೆ ಸಿಕ್ಕಿಸುವಾಗ ಆಕೆ ಉಸಿರು ಬಿಗಿಹಿಡಿದು ನಿಂತಿದ್ದರು. ಡಿಸ್ಕ್ ತೆರೆಯಿತು. ನಮ್ಮ ಮನೆಗೆ ಸಿಗ್ನಲ್ ಬರುವುದು ಹೊಳೆಯಾಚೆಯ ಟವರಿನಿಂದ, ಅದೂ ಜಗಲಿಯ ಒಂದು ಮೂಲೆಯಲ್ಲಿ. ಅಲ್ಲೇ ಚಾಪೆ ಹಾಕಿ ಕೂತೆ. ಎರಡು ಸಲ ತಪ್ಪಿದೆ. ಪಕ್ಕದಲ್ಲಿ ಕಣ್ಣು ಮುಚ್ಚಿ ಕೂರಲು ಮಾಷ್ ಇರಲಿಲ್ಲ, ಅತ್ತೆ ಕಣ್ಣು ತೆರೆದುಕೊಂಡು ಕೂತಿದ್ದರು. ಮೂರನೇ ಸಲ ಹೊಸ ಹೋಸ್ಟಿಂಗಿನಲ್ಲಿ ಜೋಡಿಸಿದ್ದು ನಿಂತಿತು. ಹಸುಗಳು ಕೊಟ್ಟಿಗೆಗೆ ಮರಳುವ ಹೊತ್ತಿಗೆ ಮೊಬೈಲಿನಲ್ಲಿ ಸೈಟ್ ಒತ್ತಿದರೆ ಟಪ್ ಎಂದು ತೆರೆಯಿತು. ಅಷ್ಟು ಬೇಗ ತೆರೆದಿದ್ದನ್ನು ನಾನು ಯಾವತ್ತೂ ಕಂಡಿರಲಿಲ್ಲ.

"ಆಯ್ತಾ?" ಎಂದರು ಅತ್ತೆ.

"ಓದಬೇಕು ಅತ್ತೆ, ಓದಿದ ಮೇಲೇ ಆಯ್ತು."

ಮಾಷಿನ ಪುಟವನ್ನೇ ತೆರೆದೆ. ಮೊದಲ ಸಾಲಿನಿಂದ ಓದಿದೆ. ನಾಯಿಯನ್ನು ಕಟ್ಟಿರುತ್ತಾರೆ ಎಂಬಲ್ಲಿ ಅತ್ತೆ ನಕ್ಕರು. ಮುಂದೆ ಮುಂದೆ, ಎಡಮಗ್ಗುಲಲ್ಲಿ ಮಲಗಿದರೆ ಸೊಂಟದಿಂದ ಕಾಲಿಗೆ ಸೆಳೆಯುತ್ತದೆ, ಮಗಳಿಗೆ ಹೇಳಿಲ್ಲ, ಬೆಳಗಿನ ಜಾವ ಒಬ್ಬನೇ ಎದ್ದು ಕೂತಿರುತ್ತೇನೆ ಎಂಬ ಸಾಲುಗಳು. ನನಗೂ ಹೇಳಿರಲಿಲ್ಲ ಅದನ್ನೆಲ್ಲ. ಚೇಚಿಗೆ ಹೇಳಿದ್ದರು, ಚೇಚಿ ಬರೆದಿದ್ದರು. ಓದಿ ಮುಗಿಸುವಷ್ಟರಲ್ಲಿ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಹಿಂದಿನ ಶನಿವಾರದ ತನಕ ಎಲ್ಲ ಇತ್ತು. ಆಮೇಲಿನ ಐದು ದಿನದ್ದು ಹೋಗಿತ್ತು. ಆ ಐದು ದಿನ ನಾವು ಹೋದ ಮನೆಗಳವರು ಹೇಳಿದ್ದೆಲ್ಲ ಹೋಗಿತ್ತು. ಮತ್ತೆ ಹೋಗಿ ಕೇಳಿ ಬರೋಣ ಎಂದ ಡ್ರೈವರ್. ಆಗೋದೇ ಇಲ್ಲ ಎಂದೆ. ಮಾರನೇ ದಿನ ಚೇಚಿ, ಡ್ರೈವರ್, ನಾನು ಮೂವರೂ ಕ್ಲಿನಿಕ್ಕಿನಲ್ಲಿ ಕೂತು ಒಂದೊಂದೇ ಮನೆ ನೆನಪು ಮಾಡಿಕೊಂಡೆವು. ಆ ಅಜ್ಜ ಏನೆಂದ, ಆ ತಾಯಿ ಎಲ್ಲಿ ಮುಟ್ಟಿ ತೋರಿಸಿದಳು, ಯಾರು ಅನ್ನ ಬಿಟ್ಟರು, ಯಾರು ಮೊದಲ ಸಲ ನಕ್ಕರು. ಡ್ರೈವರಿಗೆ ನಮ್ಮಿಬ್ಬರಿಗಿಂತ ಜಾಸ್ತಿ ನೆನಪಿತ್ತು. ಬಾಗಿಲಲ್ಲಿ ಬೀಡಿ ಸೇದುತ್ತಾ ಎಲ್ಲ ಕೇಳಿಸಿಕೊಂಡಿರುತ್ತಿದ್ದ ಮಹಾರಾಯ. ಎಲ್ಲವನ್ನೂ ಬರೆದು ತುಂಬಿದೆವು.

ಅವತ್ತು ಸಂಜೆ ಮಾಷೇ ಫೋನ್ ಮಾಡಿದರು. ದನಿ ಸಣ್ಣಗಾಗಿತ್ತು.

"ಎಷ್ಟು ಹೋಯ್ತು ಮೋಳೇ?"

"ಐದು ದಿನದ್ದು ಮಾಷೇ. ನಾವೇ ನೆನಪು ಮಾಡಿ ಬರೆದಿದ್ದೇವೆ. ಯಾರನ್ನೂ ಮತ್ತೆ ಕೇಳಲಿಲ್ಲ."

"ಓದಿದೆಯಾ?"

"ಓದಿದೆ. ನಿಮ್ಮದೇ."

"ಕಥೆ ಹೇಗುಂಟು?"

"ಬೋರು ಮಾಷೇ. ಹೀರೋ ಯಾರಿಗೂ ಏನೂ ಹೇಳೋದೇ ಇಲ್ಲ."

ಅವರು ನಕ್ಕರು, ನಗು ಕೆಮ್ಮಾಯಿತು, ಮಗಳು ಫೋನ್ ಕಿತ್ತುಕೊಂಡಳು.

ಚಿಕಿತ್ಸೆ ಸಾಕು ಎಂದು ಅವರೇ ಹೇಳಿ ಮನೆಗೆ ಬಂದರು. ಹೊಳೆ ಕಾಣುವ ಕಿಟಕಿಯ ಪಕ್ಕ ಮಂಚ ಹಾಕಿದ್ದರು. ಅವರನ್ನು ನೋಡಲು ಹೋಗುವ ಜೀಪಿನಲ್ಲಿ ನಾನು ತಪ್ಪದೆ ಹೋಗುತ್ತಿದ್ದೆ. ಬರಬರುತ್ತಾ ಮಾತು ಕಡಿಮೆಯಾಯಿತು. ನಾಲ್ಕು ಮಾತಾಡಿದರೆ ಮೇಲುಸಿರು.

ಮಾಷ್ ತೀರಿಕೊಳ್ಳುವುದಕ್ಕೆ ಮುಂಚಿನ ವಾರ ನಮ್ಮ ಡಾಕ್ಟರು ರಜೆಯಲ್ಲಿದ್ದರು. ಅವರ ಬದಲಿಗೆ ಬೇರೆ ಊರಿನಿಂದ ಬಂದ ಒಬ್ಬರು ಚಿಕ್ಕ ವಯಸ್ಸಿನ ಡಾಕ್ಟರಮ್ಮ. ಮಾಷನ್ನು ಅವರು ಯಾವತ್ತೂ ನೋಡಿದವರಲ್ಲ, ಕೇಳಿದವರೂ ಅಲ್ಲ. ಸೈಟ್ ಕಟ್ಟಿದ್ದು ಇವರೇ ಎಂದು ಕೂಡ ನಾವು ಹೇಳಿರಲಿಲ್ಲ. ದಾರಿಯುದ್ದಕ್ಕೂ ಜೀಪಿನಲ್ಲಿ ತಲೆ ಬಗ್ಗಿಸಿ ಮೊಬೈಲ್ ನೋಡುತ್ತಾ ಕೂತಿದ್ದರು. ಈಗಿನವರೆಲ್ಲ ಹೀಗೇ ಎಂದು ನಾನು ಮನಸ್ಸಿನಲ್ಲೇ ಬೈದುಕೊಂಡೆ.

ಒಳಗೆ ಹೋದಾಗ ಹೊಸ ಮುಖ ಕಂಡ ಮಾಷ್ ಎಬ್ಬಿಸಿ ಕೂರಿಸಲು ಮಗಳಿಗೆ ಸನ್ನೆ ಮಾಡಿದರು. ದಿಂಬಿಗೆ ಒರಗಿ ಕೂತರು. ಗಂಟಲು ಸರಿಮಾಡಿಕೊಂಡರು. ತರಗತಿಯಲ್ಲಿ ಪಾಠ ಶುರುಮಾಡುವವರ ಹಾಗೆ ಎರಡೂ ಕೈ ತೊಡೆಯ ಮೇಲಿಟ್ಟು, ಇದ್ದಬದ್ದ ಉಸಿರನ್ನೆಲ್ಲ ಒಟ್ಟುಮಾಡಿಕೊಂಡು, "ಡಾಕ್ಟರೇ, ಇದು ಶುರುವಾಗಿದ್ದು..." ಎಂದರು. ಮುಂದಕ್ಕೆ ಆಗಲಿಲ್ಲ. ಕಣ್ಣು ಮುಚ್ಚಿ ಇನ್ನೊಂದು ಉಸಿರು ಎಳೆದುಕೊಂಡರು.

ಡಾಕ್ಟರಮ್ಮ ಮಂಚದ ಅಂಚಿನಲ್ಲಿ ಕೂತು ಅವರ ಕೈ ಹಿಡಿದುಕೊಂಡರು.

"ಎಡಗಡೆ ಮಲಗಿದಾಗ ಕಾಲಿಗೆ ಬರೋ ಆ ಸೆಳೆತ, ಮೊನ್ನೆ ಮದ್ದು ಬದಲಾಯಿಸಿದ ಮೇಲೆ ಕಡಿಮೆ ಆಯ್ತಾ? ಬೆಳಗಿನ ಜಾವ ಈಗ ನಿದ್ದೆ ಬರುತ್ತಾ?"

ಮಾಷ್ ಕಣ್ಣು ತೆರೆದರು. ಆಕೆಯನ್ನು ನೋಡಿದರು. ಬಾಯಿ ಅರ್ಧ ತೆರೆದಿತ್ತು, ಹೇಳಬೇಕೆಂದಿದ್ದ ಮಾತೆಲ್ಲ ಅಲ್ಲೇ ನಿಂತಿತ್ತು. ಆಮೇಲೆ ತಲೆ ಹೊರಳಿಸಿ, ಬಾಗಿಲ ಹತ್ತಿರ ನಿಂತಿದ್ದ ನನ್ನನ್ನು ನೋಡಿದರು. ನೋಡುತ್ತಲೇ ಇದ್ದರು. ಕಣ್ಣಿನಿಂದ ನೀರು ಇಳಿದು ಗಡ್ಡದೊಳಗೆ ಸೇರಿತು, ಒರೆಸಿಕೊಳ್ಳಲಿಲ್ಲ.

"ಸ್ವಲ್ಪ ಕಡಿಮೆ" ಎಂದರು. "ನಿದ್ದೆ ಇಲ್ಲ."

"ನಿದ್ದೆ ಬರೋ ಹಾಗೆ ಮಾಡೋಣ" ಎಂದರು ಡಾಕ್ಟರಮ್ಮ.

ಮಾಷ್ ನಿಧಾನಕ್ಕೆ ಹಿಂದಕ್ಕೆ ಒರಗಿದರು. ನನ್ನನ್ನು ಹತ್ತಿರ ಕರೆದರು. ಬಗ್ಗಿ ಕಿವಿ ಕೊಟ್ಟೆ. ಕನ್ನಡದಲ್ಲೇ ಹೇಳಿದರು. "ಮೋಳೇ, ನಾನು ಏನೂ ಹೇಳಬೇಕಾಗಲಿಲ್ಲ, ನೋಡು."